ಹಳೆಯ ಕಾರಿನ ಬಾಯಾರಿಕೆ

ಮನೆಯ ಹಸು ಹಾಲು ಕಡಮೆ ಮಾಡಿದರೆ ಅದೇ ದಿನ ಮನೆಮಂದಿಗೆಲ್ಲ ತಿಳಿಯುತ್ತದೆ. ಮನೆಯ ಕಾರು ಹೆಚ್ಚು ನೀರು ಕುಡಿಯತೊಡಗಿದರೆ ಮಾತ್ರ ತಿಂಗಳುಗಟ್ಟಲೆ ಯಾರೂ ಅದನ್ನೊಂದು ಸಂಗತಿಯೆಂದು ಎಣಿಸುವುದಿಲ್ಲ. ಯಜಮಾನರು ಬಾನೆಟ್ ಎತ್ತಿ ಒಂದು ಚೊಂಬು ನೀರು ಹೊಯ್ದು ಕಚೇರಿಗೆ ಹೊರಟುಬಿಡುತ್ತಾರೆ. ವಾರಕ್ಕೊಂದು ಚೊಂಬು ಕ್ರಮೇಣ ದಿನಕ್ಕೊಂದಾಗುತ್ತದೆ. ಬೇಸಗೆಯ ರಜೆಯಲ್ಲಿ ಸಂಸಾರಸಮೇತ ಧರ್ಮಸ್ಥಳಕ್ಕೆ ಹೋಗಿ ಮರಳುವಾಗ, ಚಾರ್ಮಾಡಿ ಘಾಟಿಯ ಏರಿನಲ್ಲಿ ಬಾನೆಟ್ಟಿನ ಸಂದಿನಿಂದ ಹಬೆ ಭುಸುಗುಟ್ಟಿದಾಗಲೇ ಆ ಚೊಂಬುಗಳ ಲೆಕ್ಕ ನೆನಪಾಗುವುದು.

ಸೋರಿಕೆಯ ದುರಸ್ತಿಗೆ ತಗಲುವ ಹಣ ಅನೇಕ ವೇಳೆ ಅಲ್ಪವೇ. ಅದನ್ನು ಅಲಕ್ಷಿಸಿದ್ದಕ್ಕೆ ತೆರುವ ದಂಡ ಮಾತ್ರ ಅಲ್ಪವಲ್ಲ. ಪ್ರೀತಿಯಿಂದಲೋ ಅನಿವಾರ್ಯದಿಂದಲೋ ಹಳೆಯ ಕಾರನ್ನು ಇರಿಸಿಕೊಂಡಿರುವ ಗೃಹಸ್ಥರು ಮೊದಲು ಮನಗಾಣಬೇಕಾದದ್ದು ಇದು.

ನೀರಿನ ಕೆಲಸವೇನು?

ಇಂಜಿನ್ನಿನಲ್ಲಿ ಉರಿಯುವ ಪೆಟ್ರೋಲಿನ ಶಾಖದಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ನೀರು ಹೊತ್ತೊಯ್ದು ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸುತ್ತದೆ. ಸಮುದ್ರಮಟ್ಟದಲ್ಲಿ ನೀರು ಕುದಿಯುವುದು ೧೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ. ಸುಮಾರು ೯೦೦ ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ೯೭ರ ಸುಮಾರಿಗೇ ಕುದಿಯುತ್ತದೆ. ಇದನ್ನು ತಡೆಯಲೆಂದೇ ರೇಡಿಯೇಟರಿನ ಮುಚ್ಚಳ, ಅಡುಗೆಮನೆಯ ಕುಕ್ಕರಿನ ತೂಕದಂತೆ, ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಚದರ ಸೆಂಟಿಮೀಟರಿಗೆ ೦.೯ ಕಿಲೋಗ್ರಾಂ ಒತ್ತಡ ಹಿಡಿಯುವ ಮುಚ್ಚಳವು ಕುದಿಯುವ ಬಿಂದುವನ್ನು ಸುಮಾರು ೨೦ ಡಿಗ್ರಿ ಮೇಲಕ್ಕೇರಿಸುತ್ತದೆ. ಆದ್ದರಿಂದ ಎಲ್ಲಿಯೋ ಒಂದು ಸಣ್ಣ ರಂಧ್ರವಾದರೆ ಹೋಗುವುದು ನೀರಷ್ಟೇ ಅಲ್ಲ, ಒತ್ತಡವೂ ಹೋಗುತ್ತದೆ. ಉಳಿದ ನೀರು ಬೇಗನೆ ಕುದಿದು ಖಾಲಿಯಾಗುತ್ತದೆ.

ಅಂಬಾಸಡರಿಗೆ ಬಹುಕಾಲ ಅಳವಡಿಸಿದ್ದ ಬಿ.ಎಂ.ಸಿ. ಮೂಲದ ಇಂಜಿನ್ನಿನ ಹೆಡ್ ಎರಕದ ಕಬ್ಬಿಣದ್ದು. ಅದು ಕೊಂಚ ಹಿಂಸೆಯನ್ನು ಸಹಿಸುತ್ತಿತ್ತು. ೧೯೮೩ರಲ್ಲಿ ಬಂದು ೨೦೧೪ರಲ್ಲಿ ತಯಾರಿಕೆ ನಿಂತ ಮಾರುತಿ ೮೦೦ರ ಹೆಡ್ ಅಲ್ಯೂಮಿನಿಯಮ್ಮಿನದು. ಒಮ್ಮೆ ಅತಿಯಾಗಿ ಕಾದರೂ ಅದು ಸೊಟ್ಟಗಾಗಬಹುದು. ಆಗ ಹೆಡ್ ಗ್ಯಾಸ್ಕೆಟ್ ಕೆಟ್ಟು ನೀರು ಸಿಲಿಂಡರಿಗೋ ಎಣ್ಣೆಗೋ ಸೇರುತ್ತದೆ. ಹತ್ತಾರು ರೂಪಾಯಿನ ಕ್ಲಿಪ್ಪಿನಿಂದ ಮುಗಿಯಬೇಕಾಗಿದ್ದ ಕೆಲಸ ಸಾವಿರಾರು ರೂಪಾಯಿಗೆ ಏರುವುದು ಹೀಗೆ.

ಮೊದಲು ಪತ್ತೆ, ಆಮೇಲೆ ಖರ್ಚು

ರೇಡಿಯೇಟರನ್ನೇ ಬದಲಾಯಿಸಿಬಿಡೋಣವೆಂದು ಹೊರಡುವ ಮೊದಲು ಸೋರುವ ಜಾಗವನ್ನು ಕಂಡುಹಿಡಿಯಬೇಕು. ರಾತ್ರಿ ಕಾರಿನ ಕೆಳಗೆ ಹಳೆಯ ರಟ್ಟನ್ನು ಹಾಸಿಡಿ. ಬೆಳಗ್ಗೆ ಅದರ ಮೇಲೆ ಹಸುರು, ಕೆಂಪು ಅಥವಾ ಗುಲಾಬಿ ಬಣ್ಣದ ಕಲೆಯಿದ್ದರೆ ಅದು ಕೂಲೆಂಟ್. ಕಪ್ಪು ಜಿಡ್ಡಾದರೆ ಎಣ್ಣೆ. ಏರ್‌ಕಂಡೀಷನರ್ ಓಡಿದ ಬಳಿಕ ತೊಟ್ಟಿಕ್ಕುವ ಬಣ್ಣವಿಲ್ಲದ ನೀರಿಗೆ ಗಾಬರಿ ಬೇಡ.

ಕಲೆ ಬಿದ್ದ ನೇರದಲ್ಲಿ ಮೇಲಕ್ಕೆ ದೃಷ್ಟಿ ಹಾಯಿಸಿದರೆ, ಕೀಲುಗಳಲ್ಲಿ ಬಿಳಿಯ ಇಲ್ಲವೆ ಹಸುರು ಹೊಪ್ಪಳೆ ಕಟ್ಟಿದ್ದು ಕಾಣುವುದುಂಟು. ನೀರು ಆರಿ ಉಳಿಸಿಹೋದ ಗುರುತು ಅದು. ರಬ್ಬರ್ ಹೋಸುಗಳನ್ನು ತಣ್ಣಗಿರುವಾಗ ಹಿಸುಕಿ ನೋಡಬೇಕು. ಬಿರುಕು, ಉಬ್ಬು, ಅತಿಯಾದ ಮೆತುವು ಇದ್ದರೆ ಅದರ ಆಯುಷ್ಯ ತೀರಿತೆಂದೇ ಅರ್ಥ. ಪಂಪಿನ ಅಡಿಯಲ್ಲೊಂದು ಸಣ್ಣ ಕಿಂಡಿಯಿದೆ. ಅಲ್ಲಿಂದ ಹನಿ ಬಿದ್ದರೆ ಪಂಪಿನ ಸೀಲು ಸವೆದಿದೆ. ಮುಂದಿನ ಸೀಟಿನ ಕೆಳಗಿನ ಹಾಸು ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರನ್ನು ಅನುಮಾನಿಸಬೇಕು. ಹೊರಗೆ ಒಂದು ಹನಿಯೂ ಕಾಣದೆ ನೀರು ಇಳಿಯುತ್ತಿದ್ದು, ಬಿಳಿಯ ಹೊಗೆಯೂ ಎಣ್ಣೆಯಲ್ಲಿ ಹಾಲು ಬೆರೆತಂಥ ಬಣ್ಣವೂ ಕಂಡರೆ ಕಾರನ್ನು ಓಡಿಸಲೇಬಾರದು.

ಕಣ್ಣಿಗೆ ಸಿಗದ ಸೋರಿಕೆಗೆ ಮೆಕ್ಯಾನಿಕರಲ್ಲಿ ಒತ್ತಡ ಪರೀಕ್ಷೆಯ ಕೈಪಂಪು ಇರುತ್ತದೆ. ರೇಡಿಯೇಟರಿನ ಬಾಯಿಗೆ ಅದನ್ನು ಕೂಡಿಸಿ, ಮುಚ್ಚಳದ ಮೇಲೆ ನಮೂದಿಸಿರುವಷ್ಟೇ ಒತ್ತಡ ಕೊಟ್ಟು ಮುಳ್ಳನ್ನು ಗಮನಿಸುತ್ತಾರೆ. ಮುಳ್ಳು ಇಳಿದರೆ ಎಲ್ಲಿಯೋ ಸೋರಿಕೆಯಿದೆ. ಈ ಪರೀಕ್ಷೆಯನ್ನು ಎದುರಿಗೇ ಮಾಡಿಸಿ, ಸೋರುವ ಜಾಗವನ್ನು ಕಣ್ಣಾರೆ ಕಂಡ ಬಳಿಕವೇ ಸಾಮಾನು ಕೊಳ್ಳುವುದು ಲೇಸು.

ಮಿತವ್ಯಯದ ದುರಸ್ತಿ

ಕ್ಲಿಪ್ಪಿಗೆ ಹತ್ತಾರು ರೂಪಾಯಿ, ಹೋಸಿಗೂ ಮುಚ್ಚಳಕ್ಕೂ ನೂರಾರು, ಹೆಡ್ ಬಿಚ್ಚಿದರೆ ಸಾವಿರಾರು. ಲೆಕ್ಕದ ಮೆಟ್ಟಿಲುಗಳು ಇವು. ಸ್ಪ್ರಿಂಗ್ ಸತ್ತ ಮುಚ್ಚಳವೊಂದರಿಂದಲೇ ನೀರು ಉಕ್ಕಿ ಹೋಗುತ್ತಿರಬಹುದಾದ್ದರಿಂದ ಅಗ್ಗದ ಅನುಮಾನವನ್ನು ಮೊದಲು ಪರಿಹರಿಸಿಕೊಳ್ಳಬೇಕು. ಒಂದು ಹೋಸು ಬಿರಿದಿದ್ದರೆ ಅದರ ಜೊತೆಗಾರನೂ ಅದೇ ವಯಸ್ಸಿನದು; ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಕೂಲೆಂಟ್ ಎರಡು ಸಲ ಚೆಲ್ಲುವುದು ತಪ್ಪುತ್ತದೆ. ಟೈಮಿಂಗ್ ಬೆಲ್ಟಿನಿಂದ ತಿರುಗುವ ಪಂಪಾದರೆ, ಪಂಪು ಹಾಕಿಸುವಾಗಲೇ ಬೆಲ್ಟನ್ನೂ ಹಾಕಿಸಿದರೆ ಕೂಲಿ ಉಳಿಯುತ್ತದೆ.

ಹಿತ್ತಾಳೆ-ತಾಮ್ರದ ಹಳೆಯ ರೇಡಿಯೇಟರಿಗೆ ಬೆಸುಗೆ ಹಾಕಿಸಬಹುದು. ಅಲ್ಯೂಮಿನಿಯಮ್ ಒಡಲಿಗೆ ಪ್ಲಾಸ್ಟಿಕ್ ತೊಟ್ಟಿ ಕೂಡಿಸಿದಂಥದ್ದು ಸೀಳಿದರೆ ಅಂಟು ಬಹುಕಾಲ ನಿಲ್ಲುವುದಿಲ್ಲ. ಬದಲಾಯಿಸುವುದೇ ಕೊನೆಗೆ ಅಗ್ಗ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ನಾಲ್ಕು ಅಂಗಡಿಗಳಲ್ಲಿ ವಿಚಾರಿಸಿಯೇ ಕೊಳ್ಳಬಹುದು.

ರೇಡಿಯೇಟರಿಗೆ ಅರಿಶಿನದ ಪುಡಿ ಹಾಕುವುದು ಲಾರಿ ಚಾಲಕರ ಹಳೆಯ ಕೈಮದ್ದು. ಪುಡಿಯ ಕಣಗಳು ರಂಧ್ರಕ್ಕೆ ಕಚ್ಚಿಕೊಂಡು ಸೋರಿಕೆಯನ್ನು ತಡೆಯುವುದು ನಿಜವೇ. ಆದರೆ ರಂಧ್ರ ಯಾವುದು, ಕೂದಲಿನಂಥ ನಾಳ ಯಾವುದು ಎಂದು ಅರಿಶಿನಕ್ಕೆ ತಿಳಿಯದು. ಸೀಸೆಗಳಲ್ಲಿ ಮಾರುವ ಸೋರಿಕೆ ನಿವಾರಕಗಳ ಗುಣವೂ ಬಹುಮಟ್ಟಿಗೆ ಇದೇ. ಊರು ಸೇರುವ ತನಕ ಇವುಗಳಿಂದ ಕೆಲಸವಾದೀತು. ಊರು ಸೇರಿದ ಮೇಲೆ ನಿಜವಾದ ದುರಸ್ತಿ ಆಗಬೇಕು.

ಮರಳಿ ತುಂಬಿಸುವಾಗ ಬೋರ್‌ವೆಲ್ ನೀರು ಬೇಡ. ಅದರ ಸುಣ್ಣ ನಾಳಗಳಲ್ಲಿ ಹರಳುಗಟ್ಟುತ್ತದೆ. ತಯಾರಕರು ಹೇಳಿರುವ ಕೂಲೆಂಟನ್ನು, ಸಾಮಾನ್ಯವಾಗಿ ಅರ್ಧಕ್ಕರ್ಧ, ಬ್ಯಾಟರಿಗೆ ಹಾಕುವ ಬಟ್ಟಿಯಿಳಿಸಿದ ನೀರಿನೊಡನೆ ಬೆರೆಸಬೇಕು. ಒಳಗೆ ಸಿಕ್ಕಿದ ಗಾಳಿಯನ್ನು ಹೊರಡಿಸುವುದನ್ನು ಮರೆಯಬಾರದು. ಗಾಳಿ ನಿಂತ ಕಡೆ ನೀರು ತಲಪುವುದಿಲ್ಲ.

ಗೃಹಿಣಿಯರೂ ಗಮನಿಸಬೇಕಾದ ಮಾತೊಂದಿದೆ. ಹೆಚ್ಚಿನ ಕೂಲೆಂಟುಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಅಂಗಳದಲ್ಲಿ ಚೆಲ್ಲಿದ್ದನ್ನು ನಾಯಿ ನೆಕ್ಕಿದರೂ ಮಗು ಬಾಯಿಗಿಟ್ಟರೂ ಪ್ರಾಣಾಪಾಯವಿದೆ. ಚೆಲ್ಲಿದ್ದನ್ನು ಕೂಡಲೇ ತೊಳೆದು, ಡಬ್ಬಿಯನ್ನು ಕೈಗೆಟುಕದಂತೆ ಇಡಬೇಕು.

ದಾರಿಯಲ್ಲಿ ಶಾಖದ ಮುಳ್ಳು ಕೆಂಪಿಗೆ ಏರಿದರೆ ಮುಂದಿನ ಊರಿನವರೆಗೆ ಎಳೆಯುವ ಸಾಹಸ ಬೇಡ. ಕಾರನ್ನು ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿ, ಪೂರ್ತಿ ತಣ್ಣಗಾಗುವ ತನಕ ಮುಚ್ಚಳವನ್ನು ಮುಟ್ಟದಿರಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಇಂಥ ಗಳಿಗೆ ಬಾರದಿರಲು ಭಾನುವಾರದ ಒಂದು ನಿಮಿಷ ಸಾಕು. ಬೆಳಗ್ಗೆ ಇಂಜಿನ್ ತಣ್ಣಗಿರುವಾಗ ಡಬ್ಬಿಯ ಎರಡು ಗೆರೆಗಳ ನಡುವೆ ಕೂಲೆಂಟ್ ಇದೆಯೇ ಎಂದು ನೋಡಿ. ಕಳೆದ ವಾರಕ್ಕಿಂತ ಇಳಿದಿದ್ದರೆ ಚೊಂಬನ್ನು ಕೆಳಗಿಟ್ಟು, ರಟ್ಟನ್ನು ಕೈಗೆತ್ತಿಕೊಳ್ಳಿ.