ಗೋಲು ಹೊಡೆಯದವರ ಫುಟ್‌ಬಾಲ್

1923ರ ಏಪ್ರಿಲ್ 28, ಶನಿವಾರ. ಲಂಡನ್ನಿನ ವೆಂಬ್ಲಿಯಲ್ಲಿ ಆಗಷ್ಟೇ ಕಟ್ಟಿ ಮುಗಿಸಿದ್ದ ಕ್ರೀಡಾಂಗಣದಲ್ಲಿ ಮೊದಲ ಪಂದ್ಯ, ಅದೂ ಎಫ್‌ಎ ಕಪ್ ಫೈನಲ್. ಉತ್ತರದ ಬೋಲ್ಟನ್ ವಾಂಡರರ್ಸ್‌ಗೆ ಎದುರಾಳಿ ಲಂಡನ್ನಿನದೇ ತಂಡ ವೆಸ್ಟ್ ಹ್ಯಾಮ್. ಹಿಂದಿನ ಮೂರು ವರ್ಷಗಳ ಫೈನಲ್‌ಗಳು ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ ನಡೆದಾಗ ಮೈದಾನ ತುಂಬಿರಲಿಲ್ಲ. ಒಂದೂಕಾಲು ಲಕ್ಷ ಜನ ಹಿಡಿಸುವ ಈ ಹೊಸ ಜಾಗ ತುಂಬುವುದುಂಟೇ ಎಂದುಕೊಂಡ ಸಂಘಟಕರು, ಬಹುಪಾಲು ಜನರಿಗೆ ಬಾಗಿಲಲ್ಲೇ ದುಡ್ಡು ಕೊಟ್ಟು ಒಳಗೆ ಬನ್ನಿ ಎಂದುಬಿಟ್ಟರು.

ಬಂದರು. ಬರುತ್ತಲೇ ಇದ್ದರು. ಬಾಗಿಲು ಮುಚ್ಚಿದ ಮೇಲೂ ಗೋಡೆ ಹತ್ತಿ, ಬೇಲಿ ಮುರಿದು ಬಂದರು. ಅಧಿಕೃತ ಲೆಕ್ಕ 1,26,047. ನಿಜವಾಗಿ ಎರಡು ಲಕ್ಷ ದಾಟಿತ್ತೆಂಬುದು ಸಾಮಾನ್ಯ ಅಂದಾಜು, ಮೂರು ಲಕ್ಷ ಎನ್ನುವವರೂ ಇದ್ದಾರೆ. ಗ್ಯಾಲರಿಯಲ್ಲಿ ಕಾಲಿಡಲು ಜಾಗವಿಲ್ಲದೆ ಜನ ಹುಲ್ಲಿನ ಮೇಲೆ ಉಕ್ಕಿದರು. ದೊರೆ ಐದನೇ ಜಾರ್ಜ್ ಬಂದು ಕುಳಿತಾಗ ಆಡಲು ಅಂಕಣವೇ ಕಾಣುತ್ತಿರಲಿಲ್ಲ, ಬರೀ ಟೋಪಿಗಳು ಕಾಣುತ್ತಿದ್ದವು. ಕುದುರೆ ಪೊಲೀಸರು ಮೈದಾನಕ್ಕೆ ಇಳಿದರು. ಅವರಲ್ಲಿ ಜಾರ್ಜ್ ಸ್ಕೋರಿ ಎಂಬ ಕಾನ್‌ಸ್ಟೆಬಲ್ ಬಿಲ್ಲಿ ಎಂಬ ಕುದುರೆಯ ಮೇಲಿದ್ದ. ಬಿಲ್ಲಿ ಮೂತಿಯಿಂದ ಮೆಲ್ಲಗೆ ತಳ್ಳುತ್ತಾ, ಸ್ಕೋರಿ ಪಕ್ಕದವರ ಕೈ ಹಿಡಿದು ಹಿಂದೆ ಸರಿಯಿರೆಂದು ಹೇಳುತ್ತಾ, ಜನರನ್ನು ಇಂಚಿಂಚಾಗಿ ಗೆರೆಯ ಆಚೆ ಸರಿಸಿದರು. ಮುಕ್ಕಾಲು ಗಂಟೆ ತಡವಾಗಿ ಆಟ ಶುರುವಾಯಿತು. ಎರಡನೇ ನಿಮಿಷಕ್ಕೇ ಬೋಲ್ಟನ್ನಿನ ಡೇವಿಡ್ ಜಾಕ್ ಗೋಲು ಹೊಡೆದಾಗ ಅವನನ್ನು ತಡೆಯಬೇಕಿದ್ದವರಲ್ಲಿ ಒಬ್ಬನಾದ ವೆಸ್ಟ್ ಹ್ಯಾಮ್‌ನ ಜಾಕ್ ಟ್ರೆಸಾಡರ್ನ್, ಥ್ರೋ ಹಾಕಿ ಜನರ ನಡುವೆ ಸಿಕ್ಕಿಕೊಂಡು ಒದ್ದಾಡುತ್ತಿದ್ದ. ಬೋಲ್ಟನ್ 2-0 ಗೆದ್ದಿತು.

ಬಿಲ್ಲಿಯದು ಬೂದು ಬಣ್ಣ. ಆಗಿನ ಕಪ್ಪುಬಿಳುಪು ಸುದ್ದಿಚಿತ್ರದಲ್ಲಿ ಅಚ್ಚ ಬಿಳಿಯಾಗಿ ಕಂಡಿದ್ದರಿಂದ ಆ ಪಂದ್ಯಕ್ಕೆ ‘ಬಿಳಿ ಕುದುರೆಯ ಫೈನಲ್’ ಎಂದೇ ಹೆಸರಾಯಿತು. ಈಗಿನ ವೆಂಬ್ಲಿಯ ಪಕ್ಕದ ಕಾಲುಸೇತುವೆಗೂ ಬಿಳಿ ಕುದುರೆಯದೇ ಹೆಸರು. ಸ್ಕೋರಿಗೆ ಮಾತ್ರ ಫುಟ್‌ಬಾಲೆಂದರೆ ಅಷ್ಟಕ್ಕಷ್ಟೇ. ಮರುವರ್ಷದಿಂದ ಫೈನಲ್‌ಗೆ ಮುಂಗಡ ಟಿಕೆಟ್ ಕಡ್ಡಾಯವಾಯಿತು.

ಬ್ರಿಟಿಷ್ ಫುಟ್‌ಬಾಲಿನ ಚರಿತ್ರೆ ಎಂದೊಡನೆ ಸಾಮಾನ್ಯವಾಗಿ ಗೋಲುಗಳ ಪಟ್ಟಿ ಬರುತ್ತದೆ. 1966ರ ವಿಶ್ವಕಪ್ ಫೈನಲ್‌ನಲ್ಲಿ ಜೆಫ್ ಹರ್ಸ್ಟ್ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿದು ಗೆರೆ ದಾಟಿತೋ ಇಲ್ಲವೋ ಎಂಬ ಜಗಳ ಇನ್ನೂ ಮುಗಿದಿಲ್ಲ. 1967ರಲ್ಲಿ ಗ್ಲಾಸ್ಗೋದ ಸೆಲ್ಟಿಕ್, ಸುತ್ತಲಿನ ಮೂವತ್ತು ಮೈಲಿಯೊಳಗೆ ಹುಟ್ಟಿದ ಹುಡುಗರನ್ನೇ ಕಟ್ಟಿಕೊಂಡು ಯೂರೋಪಿಯನ್ ಕಪ್ ಗೆದ್ದದ್ದೂ ದೊಡ್ಡ ಮಾತೇ. ಆದರೆ ಆ ಆಟದ ದಿಕ್ಕು ಬದಲಿಸಿದ ಕ್ಷಣಗಳನ್ನು ಹುಡುಕುತ್ತಾ ಹೋದರೆ ಎಷ್ಟೋ ಕಡೆ ಚೆಂಡು ಕಾಣಿಸುವುದೇ ಇಲ್ಲ. ಗ್ಯಾಲರಿಯಲ್ಲಿ ನಿಂತ ಜನ ಕಾಣಿಸುತ್ತಾರೆ.

ಶುರುವಿನಲ್ಲಿ ಅವರೂ ಇರಲಿಲ್ಲ. 1863ರ ಅಕ್ಟೋಬರ್ 26ರಂದು ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್ ಎಂಬ ಪಾನಗೃಹದಲ್ಲಿ ಸೇರಿ ಫುಟ್‌ಬಾಲ್ ಅಸೋಸಿಯೇಷನ್ (ಎಫ್‌ಎ) ಕಟ್ಟಿದವರು ದೊಡ್ಡ ಶಾಲೆಗಳಲ್ಲಿ ಓದಿದ ಸಿರಿವಂತರ ಮಕ್ಕಳು. ಎದುರಾಳಿಯ ಮೊಣಕಾಲಿನ ಕೆಳಗೆ ಒದೆಯಬಹುದೇ ಬೇಡವೇ ಎಂಬುದು ಅವರ ದೊಡ್ಡ ಚರ್ಚೆ. ಒದೆಯುವುದು ಬೇಡ ಎಂದಾದಾಗ ಬ್ಲ್ಯಾಕ್‌ಹೀತ್ ಕ್ಲಬ್ಬಿನವರು ಮುನಿಸಿಕೊಂಡು ಹೊರನಡೆದರು. 1872ರಲ್ಲಿ ಎಫ್‌ಎ ಕಪ್‌ನ ಮೊದಲ ಫೈನಲ್ ಕ್ರಿಕೆಟ್ ಪ್ರಿಯರೆಲ್ಲ ಬಲ್ಲ ಓವಲ್ ಮೈದಾನದಲ್ಲಿ ನಡೆದಾಗ ನೋಡಲು ಬಂದವರು ಸುಮಾರು ಎರಡು ಸಾವಿರ.

ಜನ ಬರಲು ಕಾರಣವಾದದ್ದು ಒಂದು ಕಾರ್ಮಿಕ ಕಾಯ್ದೆ. 1850ರ ಫ್ಯಾಕ್ಟರಿ ಕಾಯ್ದೆಯ ಪ್ರಕಾರ ಬಟ್ಟೆ ಗಿರಣಿಗಳು ಶನಿವಾರ ಮಧ್ಯಾಹ್ನ ಎರಡಕ್ಕೆ ಕೆಲಸ ನಿಲ್ಲಿಸಬೇಕಾಯಿತು. ಬರಬರುತ್ತಾ ಉಳಿದ ಕಾರ್ಖಾನೆಗಳಿಗೂ ಶನಿವಾರದ ಅರ್ಧ ರಜೆ ಹಬ್ಬಿತು. ಗಿರಣಿಯ ಸೀಟಿ ಕೂಗಿದ ಮೇಲೆ ಮುಖ ತೊಳೆದು, ಒಂದು ಗ್ಲಾಸು ಬಿಯರ್ ಕುಡಿದು, ನಡೆದು ಹೋಗಿ ಸೇರಿಕೊಳ್ಳಲು ಮೂರು ಗಂಟೆಯ ಪಂದ್ಯ ಹೇಳಿ ಮಾಡಿಸಿದಂತಿತ್ತು. ಇಂಗ್ಲೆಂಡಿನಲ್ಲಿ ಶನಿವಾರ ಮೂರು ಗಂಟೆ ಎಂಬುದು ಇಂದಿಗೂ ಫುಟ್‌ಬಾಲಿನ ಮುಹೂರ್ತ.

ನೋಡಲು ಬಂದವರ ಪೈಕಿಯವರೇ ಆಡಲು ಇಳಿದದ್ದು 1883ರ ಫೈನಲ್‌ನಲ್ಲಿ ಎಲ್ಲರ ಕಣ್ಣಿಗೆ ಬಿತ್ತು. ಒಂದು ಕಡೆ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳ ತಂಡ ಓಲ್ಡ್ ಈಟೋನಿಯನ್ಸ್. ಇನ್ನೊಂದು ಕಡೆ ಲ್ಯಾಂಕಾಶೈರಿನ ಬ್ಲ್ಯಾಕ್‌ಬರ್ನ್ ಒಲಿಂಪಿಕ್: ನೇಕಾರರು, ನೂಲು ತೆಗೆಯುವವರು, ಕೊಳಾಯಿ ಕೆಲಸದವರು. ಕಬ್ಬಿಣದ ಕಾರ್ಖಾನೆಯ ಮಾಲೀಕನೊಬ್ಬ ಕೊಟ್ಟ ದುಡ್ಡಿನಲ್ಲಿ ಅವರು ಪಂದ್ಯಕ್ಕೆ ಮೊದಲು ಬ್ಲ್ಯಾಕ್‌ಪೂಲ್‌ನ ಕಡಲ ತೀರಕ್ಕೆ ಹೋಗಿ ಕೆಲವು ದಿನ ತಾಲೀಮು ನಡೆಸಿದ್ದರು. ಆಟಕ್ಕೆಂದು ತಾಲೀಮು ಮಾಡುವುದು ಅಂದಿನ ಸಭ್ಯಸ್ಥರಿಗೆ ಮೋಸಕ್ಕೆ ಹತ್ತಿರದ ಸಂಗತಿ. ಹೆಚ್ಚುವರಿ ಸಮಯದಲ್ಲಿ ಗಿರಣಿ ಹುಡುಗ ಜಿಮ್ಮಿ ಕಾಸ್ಟ್‌ಲಿ ಗೋಲು ಹೊಡೆದು 2-1ರಿಂದ ಗೆಲ್ಲಿಸಿದ. ಆಮೇಲೆ ಹಳೆಯ ವಿದ್ಯಾರ್ಥಿಗಳ ತಂಡ ಯಾವುದೂ ಆ ಕಪ್ ಗೆಲ್ಲಲಿಲ್ಲ. 1885ರಲ್ಲಿ ಸಂಬಳ ಕೊಟ್ಟು ಆಡಿಸುವುದಕ್ಕೆ ಒಪ್ಪಿಗೆ ಸಿಕ್ಕಿತು, 1888ರಲ್ಲಿ ಹನ್ನೆರಡು ಕ್ಲಬ್ಬುಗಳ ಲೀಗ್ ಹುಟ್ಟಿತು.

ಜನ ಯಾವುದನ್ನು ನೋಡಬೇಕು ಎಂಬುದನ್ನು ಆಡಳಿತವೇ ತೀರ್ಮಾನಿಸಹೊರಟ ಕಥೆ ಇದಕ್ಕಿಂತ ಸ್ವಾರಸ್ಯದ್ದು, ಸಿಟ್ಟು ಬರಿಸುವಂಥದ್ದು ಕೂಡ.

ಮೊದಲ ಮಹಾಯುದ್ಧದ ಕಾಲ. ಗಂಡಸರು ಯುದ್ಧಕ್ಕೆ ಹೋದಾಗ ಪ್ರೆಸ್ಟನ್ ಊರಿನ ಡಿಕ್ ಕರ್ ಕಾರ್ಖಾನೆಯಲ್ಲಿ ಮದ್ದುಗುಂಡು ತಯಾರಿಸುವ ಕೆಲಸಕ್ಕೆ ಹೆಂಗಸರು ಸೇರಿದರು. ಊಟದ ಬಿಡುವಿನಲ್ಲಿ ಅಂಗಳದಲ್ಲಿ ಚೆಂಡು ಒದೆಯುತ್ತಿದ್ದವರು ತಂಡ ಕಟ್ಟಿದರು. 1917ರ ಕ್ರಿಸ್‌ಮಸ್ ದಿನ ಗಾಯಾಳು ಸೈನಿಕರ ಆಸ್ಪತ್ರೆಗಾಗಿ ಆಡಿದ ಪಂದ್ಯಕ್ಕೆ ಹತ್ತು ಸಾವಿರ ಜನ ಬಂದರು. ಯುದ್ಧ ಮುಗಿದರೂ ಇವರ ಆಟ ನಿಲ್ಲಲಿಲ್ಲ. ಹದಿಹರೆಯದ ಲಿಲಿ ಪಾರ್ ಎಂಬ ಹುಡುಗಿ ಸೇರಿಕೊಂಡಳು. ಆರಡಿಗೆ ಹತ್ತಿರದ ಎತ್ತರ, ಎಡಗಾಲಿನಲ್ಲಿ ಗಂಡಸರೂ ಅಂಜುವಂಥ ಒದೆತ. 1920ರ ಕ್ರಿಸ್‌ಮಸ್ ರಜೆಯಲ್ಲಿ ಲಿವರ್‌ಪೂಲ್‌ನ ಗೂಡಿಸನ್ ಪಾರ್ಕ್‌ನಲ್ಲಿ ಸೇಂಟ್ ಹೆಲೆನ್ಸ್ ವಿರುದ್ಧ ಇವರು ಆಡಿದಾಗ ಒಳಗೆ 53,000 ಜನ, ಜಾಗ ಸಿಗದೆ ಹೊರಗೆ ಉಳಿದವರು ಇನ್ನೂ ಸಾವಿರಾರು. ದತ್ತಿಗೆಂದು ಕೂಡಿದ್ದು ಮೂರು ಸಾವಿರ ಪೌಂಡಿಗೂ ಮೇಲೆ.

ಒಂದು ವರ್ಷವೂ ತುಂಬಲಿಲ್ಲ. 1921ರ ಡಿಸೆಂಬರ್ 5ರಂದು ಫುಟ್‌ಬಾಲ್ ಅಸೋಸಿಯೇಷನ್ ಒಂದು ನಿರ್ಣಯ ಹೊರಡಿಸಿತು: ಈ ಆಟ ಹೆಂಗಸರಿಗೆ ತಕ್ಕುದಲ್ಲ, ಯಾವ ಕ್ಲಬ್ಬೂ ಅವರಿಗೆ ಮೈದಾನ ಕೊಡಕೂಡದು. ದತ್ತಿಯ ದುಡ್ಡಿನ ಲೆಕ್ಕ ಸರಿಯಿಲ್ಲವೆಂಬ ಮಾತನ್ನೂ ಜೊತೆಗೆ ಪೋಣಿಸಿತು. ಹೆಂಗಸರು ಆಡುವುದನ್ನೇ ನಿಷೇಧಿಸುವ ಅಧಿಕಾರ ಅದಕ್ಕಿರಲಿಲ್ಲ. ಪ್ರೇಕ್ಷಕರು ನಿಲ್ಲುವ ಜಾಗ ಕಸಿದುಕೊಂಡರೆ ಸಾಕಿತ್ತು. ಡಿಕ್ ಕರ್ ತಂಡ ಸಿಕ್ಕ ಬಯಲುಗಳಲ್ಲಿ 1965ರವರೆಗೂ ಆಡಿತು. ಹೆಚ್ಚುಕಡಿಮೆ ಅರ್ಧ ಶತಮಾನ ಉಳಿದ ಆ ನಿಷೇಧಕ್ಕೆ ಅಸೋಸಿಯೇಷನ್ ಕ್ಷಮೆ ಕೇಳಿದ್ದು 2008ರಲ್ಲಿ. 2022ರ ಜುಲೈ 31ರಂದು ವೆಂಬ್ಲಿಯಲ್ಲಿ ಇಂಗ್ಲೆಂಡಿನ ಮಹಿಳೆಯರು ಜರ್ಮನಿಯನ್ನು 2-1ರಿಂದ ಸೋಲಿಸಿ ಯೂರೋ ಗೆದ್ದಾಗ ನೋಡಿದವರು 87,192 ಮಂದಿ. ಗಂಡಸರದೋ ಹೆಂಗಸರದೋ, ಯೂರೋ ಪಂದ್ಯಾವಳಿಯ ಪಂದ್ಯವೊಂದಕ್ಕೆ ಅಷ್ಟು ಜನ ಅದುವರೆಗೆ ಬಂದಿರಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಕೂಡಲೇ ಆಟಕ್ಕೆ ಹಸಿದಿದ್ದ ಜನ ಮತ್ತೆ ಮೈದಾನಗಳಿಗೆ ನುಗ್ಗಿದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಇಲ್‌ಫರ್ಡ್‌ನ ಪುಟ್ಟ ಮೈದಾನದಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸ್ ವಿರುದ್ಧ ಆಡಿದ್ದನ್ನು ನೋಡಿದ್ದೂ ಇಂಥದೇ ಜನ. ಬಹುಪಾಲು ಬರಿಗಾಲಲ್ಲೇ ಆಡಿದ ಆ ತಂಡ ಎರಡು ಪೆನಾಲ್ಟಿ ಕೈಚೆಲ್ಲಿ 1-2ರಿಂದ ಸೋತಿತು; ಭಾರತದ ಒಂದೇ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು.

ಆದರೆ ಬ್ರಿಟನ್ನಿನ ಗ್ಯಾಲರಿಗಳು ಹಳತಾಗಿದ್ದವು. ಮೆಟ್ಟಿಲುಮೆಟ್ಟಿಲಾದ ಇಳಿಜಾರು, ನಡುನಡುವೆ ಕಬ್ಬಿಣದ ಅಡ್ಡಕಂಬಿ, ಅಷ್ಟೇ. 1946ರ ಮಾರ್ಚ್ 9ರಂದು ಬೋಲ್ಟನ್ನಿನ ಬರ್ನ್‌ಡೆನ್ ಪಾರ್ಕ್‌ನಲ್ಲಿ ಕಂಬಿ ಮುರಿದು 33 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಹೆಣಗಳನ್ನು ಗೆರೆಯ ಪಕ್ಕ ಸಾಲಾಗಿ ಮಲಗಿಸಿ, ಮೇಲೆ ಕೋಟು ಹೊದಿಸಿ, ಮರದ ಹೊಟ್ಟು ಚೆಲ್ಲಿ ಹೊಸ ಗೆರೆ ಎಳೆದು, ಅರ್ಧ ಗಂಟೆಯೊಳಗೆ ಆಟ ಮುಂದುವರಿಸಿದರು. ಆ ದಿನ ಎದುರಾಳಿ ಸ್ಟೋಕ್ ತಂಡದಲ್ಲಿ ಹೆಸರಾಂತ ಆಟಗಾರ ಸ್ಟ್ಯಾನ್ಲಿ ಮ್ಯಾಥ್ಯೂಸ್ ಆಡುತ್ತಿದ್ದರು. 1971ರ ಜನವರಿ 2ರಂದು ಗ್ಲಾಸ್ಗೋದ ಐಬ್ರಾಕ್ಸ್‌ನಲ್ಲಿ ಮನೆಗೆ ಹೊರಟ ಜನ ಹದಿಮೂರನೇ ಮೆಟ್ಟಿಲಸಾಲಿನಲ್ಲಿ ಉರುಳಿ 66 ಸಾವು. 1985ರ ಮೇ 11ರಂದು ಬ್ರ್ಯಾಡ್‌ಫರ್ಡ್‌ನಲ್ಲಿ ಮರದ ಸ್ಟ್ಯಾಂಡ್‌ನ ಕೆಳಗೆ ವರ್ಷಗಟ್ಟಲೆ ಸೇರಿದ್ದ ಕಸಕ್ಕೆ ಬೆಂಕಿ ತಗುಲಿ 56 ಸಾವು. ಪ್ರತಿ ಸಲ ತನಿಖೆ, ವರದಿ, ಒಂದಿಷ್ಟು ನಿಯಮ. ಅಷ್ಟರಲ್ಲಿ ಪುಂಡಾಟದ ಹಾವಳಿಯೂ ಹೆಚ್ಚಿ, ಸರ್ಕಾರದ ಕಣ್ಣಿಗೆ ಫುಟ್‌ಬಾಲ್ ಪ್ರೇಕ್ಷಕ ಎಂದರೆ ಕಾಪಾಡಬೇಕಾದವನಿಗಿಂತ ಹೆಚ್ಚಾಗಿ ಕೂಡಿಹಾಕಬೇಕಾದವನಾಗಿ ಕಾಣತೊಡಗಿದ. ಮೈದಾನದ ಸುತ್ತ ಎತ್ತರದ ತಂತಿಬೇಲಿ ಎದ್ದಿತು.

1989ರ ಏಪ್ರಿಲ್ 15ರ ಹಿಲ್ಸ್‌ಬರೋ ದುರಂತವನ್ನು ಈ ಬೇಲಿಯಿಂದಲೇ ನೋಡಬೇಕು. ಶೆಫೀಲ್ಡ್ ನಗರದ ಆ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ ಎಫ್‌ಎ ಕಪ್ ಸೆಮಿಫೈನಲ್. 1981ರ ಸೆಮಿಫೈನಲ್‌ನಲ್ಲೂ ಇದೇ ಲೆಪಿಂಗ್ಸ್ ಲೇನ್ ತುದಿಯಲ್ಲಿ ನೂಕುನುಗ್ಗಲಾಗಿ 38 ಜನ ಗಾಯಗೊಂಡಿದ್ದರು. ಅಂದು ಪೊಲೀಸರು ಜನರನ್ನು ಮೈದಾನದ ಅಂಚಿಗೆ ಬಿಟ್ಟದ್ದರಿಂದ ಜೀವ ಉಳಿದಿತ್ತು. ಅದಾದ ಮೇಲೆ ಅಲ್ಲಿ ಆದ ಬದಲಾವಣೆ ಎಂದರೆ, ನಿಲ್ಲುವ ಜಾಗವನ್ನು ಬೇಲಿ ಹಾಕಿ ದೊಡ್ಡಿಗಳಂತೆ ವಿಂಗಡಿಸಿದ್ದು.

ನಿಂತು ನೋಡುವ ಟಿಕೆಟ್ ಪಡೆದ 10,100 ಲಿವರ್‌ಪೂಲ್ ಅಭಿಮಾನಿಗಳು ಒಳಹೋಗಲು ಇದ್ದದ್ದು ಏಳೇ ತಿರುಗುಬಾಗಿಲು. ಪಂದ್ಯಕ್ಕೆ ಹೊತ್ತಾಗುತ್ತಾ ಹೊರಗೆ ಒತ್ತಡ ಬೆಳೆಯಿತು. ಎರಡು ಗಂಟೆ ಐವತ್ತೆರಡು ನಿಮಿಷಕ್ಕೆ ಪೊಲೀಸರು ಹೊರಹೋಗುವ ದೊಡ್ಡ ಗೇಟೊಂದನ್ನು ತೆರೆಸಿದರು. ಒಳಬಂದವರ ಕಣ್ಣೆದುರಿಗೇ ಸುರಂಗದಂಥ ದಾರಿ. ಅದು ಆಗಲೇ ತುಂಬಿ ತುಳುಕುತ್ತಿದ್ದ ನಡುವಿನ ಎರಡು ದೊಡ್ಡಿಗಳಿಗೆ ಹೋಗುತ್ತಿತ್ತು. ಪಕ್ಕದ ದೊಡ್ಡಿಗಳಲ್ಲಿ ಜಾಗ ಬೇಕಾದಷ್ಟಿತ್ತು, ಆ ಕಡೆ ಹೋಗಿ ಎಂದು ಹೇಳುವವರು ಯಾರೂ ಇರಲಿಲ್ಲ. ಮುಂದಿದ್ದವರು ಬೇಲಿಗೆ ಒತ್ತಿಕೊಂಡು ಉಸಿರುಕಟ್ಟಿ ಒದ್ದಾಡಿದರು. ಮೂರು ಗಂಟೆ ಆರು ನಿಮಿಷಕ್ಕೆ ರೆಫರಿ ಆಟ ನಿಲ್ಲಿಸಿದ. ಅಭಿಮಾನಿಗಳೇ ಜಾಹೀರಾತು ಹಲಗೆಗಳನ್ನು ಕಿತ್ತು, ಅವುಗಳ ಮೇಲೆ ಗಾಯಾಳುಗಳನ್ನು ಹೊತ್ತು ಓಡಿದರು. ಒಟ್ಟು 97 ಸಾವು. ಕೊನೆಯವರು ಆ ದಿನದ ಗಾಯದಿಂದಲೇ 2021ರಲ್ಲಿ ತೀರಿಕೊಂಡರು. ಅತ್ಯಂತ ಕಿರಿಯವನಿಗೆ ಹತ್ತು ವರ್ಷ.

ಆಮೇಲೆ ನಡೆದದ್ದು ಇನ್ನೊಂದು ಅನ್ಯಾಯ. ಅಭಿಮಾನಿಗಳೇ ಗೇಟು ಮುರಿದು ನುಗ್ಗಿದರೆಂದು ಪೊಲೀಸರು ಅಂದೇ ಸುಳ್ಳು ಹೇಳಿದರು. ನಾಲ್ಕು ದಿನ ಕಳೆದು ‘ದಿ ಸನ್’ ಪತ್ರಿಕೆ, ಅಭಿಮಾನಿಗಳು ಸತ್ತವರ ಜೇಬು ಕತ್ತರಿಸಿದರೆಂದು ಮುಖಪುಟದಲ್ಲಿ ಬರೆಯಿತು. ಲಿವರ್‌ಪೂಲ್ ನಗರದ ಎಷ್ಟೋ ಅಂಗಡಿಗಳು ಇಂದಿಗೂ ಆ ಪತ್ರಿಕೆ ಮಾರುವುದಿಲ್ಲ. ಸತ್ತವರ ಮನೆಯವರು ಬಿಡಲಿಲ್ಲ. ಕೋರ್ಟು, ಕಚೇರಿ, ಸಂಸತ್ತು ಎಂದು ಇಪ್ಪತ್ತಮೂರು ವರ್ಷ ಅಲೆದ ಮೇಲೆ 2012ರಲ್ಲಿ ಸ್ವತಂತ್ರ ಸಮಿತಿಯೊಂದು ಕಡತಗಳನ್ನೆಲ್ಲ ಬಿಚ್ಚಿಟ್ಟಿತು: ಪೊಲೀಸರ 164 ಹೇಳಿಕೆಗಳನ್ನು ತಿದ್ದಲಾಗಿತ್ತು, ಅವುಗಳಲ್ಲಿ 116ರಿಂದ ಪೊಲೀಸರಿಗೇ ಮುಜುಗರ ತರುವ ಮಾತುಗಳನ್ನು ತೆಗೆದುಹಾಕಲಾಗಿತ್ತು. 2016ರ ಏಪ್ರಿಲ್ 26ರಂದು ಜ್ಯೂರಿ, ಇದು ಕಾನೂನುಬಾಹಿರವಾಗಿ ಆದ ಸಾವು, ಅಭಿಮಾನಿಗಳ ತಪ್ಪೇನೂ ಇಲ್ಲ ಎಂದು ತೀರ್ಪಿತ್ತಿತು.

ದುರಂತದ ತನಿಖೆ ನಡೆಸಿದ ನ್ಯಾಯಮೂರ್ತಿ ಟೇಲರ್ 1990ರ ಜನವರಿಯಲ್ಲಿ ಕೊಟ್ಟ ವರದಿಯಿಂದ ಬ್ರಿಟಿಷ್ ಫುಟ್‌ಬಾಲಿನ ಮುಖವೇ ಬದಲಾಯಿತು. ಬೇಲಿಗಳು ಉರುಳಿದವು, ದೊಡ್ಡ ಮೈದಾನಗಳಲ್ಲಿ ನಿಲ್ಲುವ ಜಾಗ ಹೋಗಿ ಕುರ್ಚಿಗಳು ಬಂದವು. 1992ರಲ್ಲಿ ಪ್ರೀಮಿಯರ್ ಲೀಗ್, ಜೊತೆಗೇ ಉಪಗ್ರಹ ಟೀವಿಯ ಹಣ. ಕೂತು ನೋಡುವುದು ಸುರಕ್ಷಿತವಾಯಿತು, ತುಟ್ಟಿಯೂ ಆಯಿತು. ಕುರ್ಚಿ ಹಾಕಿದ ನೆಪದಲ್ಲಿ ಟಿಕೆಟ್ ದರ ಏರಿಸಬೇಕಿಲ್ಲ ಎಂದು ಟೇಲರ್ ಅವರೇ ಹೇಳಿದ್ದರು. ಕ್ಲಬ್ಬುಗಳು ವರದಿಯ ಆ ಪುಟವನ್ನು ಮಾತ್ರ ಜಾಣತನದಿಂದ ಮಗುಚಿಹಾಕಿದವು.

ಬೆಲೆ ಕೈಮೀರಿದಾಗ ಗ್ಯಾಲರಿ ಮತ್ತೆ ಬಾಯಿ ಬಿಟ್ಟಿತು. 2016ರ ಫೆಬ್ರುವರಿಯಲ್ಲಿ ಲಿವರ್‌ಪೂಲ್ ಕ್ಲಬ್ಬು ಮುಂದಿನ ಋತುವಿಗೆ 77 ಪೌಂಡಿನ ಟಿಕೆಟ್ ಘೋಷಿಸಿದಾಗ, ಸಂಡರ್‌ಲ್ಯಾಂಡ್ ವಿರುದ್ಧದ ಪಂದ್ಯದ 77ನೇ ನಿಮಿಷಕ್ಕೆ ಸರಿಯಾಗಿ ಸಾವಿರಾರು ಜನ ಎದ್ದು ಹೊರನಡೆದರು. ಆಗ 2-0 ಮುಂದಿದ್ದ ತಂಡ ಆಮೇಲೆ ಎರಡು ಗೋಲು ಬಿಟ್ಟುಕೊಟ್ಟು ಪಂದ್ಯ ಡ್ರಾ ಮಾಡಿಕೊಂಡಿತು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಆ ದರವನ್ನು ಹಿಂತೆಗೆದುಕೊಂಡರು.

2021ರ ಏಪ್ರಿಲ್ 18ರ ರಾತ್ರಿಯ ಸುದ್ದಿ ಇದಕ್ಕಿಂತ ದೊಡ್ಡದು. ಇಂಗ್ಲೆಂಡಿನ ಆರು ಸಿರಿವಂತ ಕ್ಲಬ್ಬುಗಳು ಸ್ಪೇನ್ ಮತ್ತು ಇಟಲಿಯ ಆರು ಕ್ಲಬ್ಬುಗಳ ಜೊತೆ ಸೇರಿ ‘ಸೂಪರ್ ಲೀಗ್’ ಕಟ್ಟುತ್ತೇವೆಂದು ಘೋಷಿಸಿದವು. ಸ್ಥಾಪಕ ಕ್ಲಬ್ಬುಗಳು ಎಷ್ಟೇ ಸೋತರೂ ಕೆಳಗಿಳಿಯಬೇಕಿಲ್ಲದ ಲೀಗ್ ಅದು. ಕೋವಿಡ್ ಕಾಲ, ಮೈದಾನಗಳು ಖಾಲಿ. ಪ್ರತಿಭಟಿಸುವವರು ಯಾರು ಎಂಬ ಲೆಕ್ಕಾಚಾರ ಇದ್ದಿರಬೇಕು. ಎರಡೇ ದಿನಕ್ಕೆ ಚೆಲ್ಸಿ ಅಭಿಮಾನಿಗಳು ಸ್ಟ್ಯಾಮ್‌ಫರ್ಡ್ ಬ್ರಿಜ್‌ನ ಹೊರಗೆ ರಸ್ತೆಗಿಳಿದು ತಮ್ಮದೇ ತಂಡದ ಬಸ್ಸಿಗೆ ಅಡ್ಡ ನಿಂತರು. ಕ್ಲಬ್ಬಿನ ಹಳೆಯ ಗೋಲ್‌ಕೀಪರ್ ಪೀಟರ್ ಚೆಕ್ ಹೊರಬಂದು, ಸ್ವಲ್ಪ ಸಮಯ ಕೊಡಿ ಎಂದು ಅಂಗಲಾಚಿದರು. ಆ ರಾತ್ರಿ ಮುಗಿಯುವುದರೊಳಗೆ ಆರೂ ಇಂಗ್ಲಿಷ್ ಕ್ಲಬ್ಬುಗಳು ಹಿಂದೆ ಸರಿದಿದ್ದವು. ಅದರ ಬೆನ್ನಿಗೇ ಸರ್ಕಾರ, ಅಭಿಮಾನಿಗಳ ಅಹವಾಲು ಕೇಳಲು ಸಂಸದೆ ಟ್ರೇಸಿ ಕ್ರೌಚ್ ನೇತೃತ್ವದಲ್ಲಿ ಪರಿಶೀಲನೆ ನಡೆಸಿತು. ಅದು ಸೂಚಿಸಿದ ಸ್ವತಂತ್ರ ನಿಯಂತ್ರಕ ಸಂಸ್ಥೆಗೆ 2025ರ ಜುಲೈನಲ್ಲಿ ಕಾನೂನಿನ ಬಲ ಬಂತು. ಇಂಗ್ಲೆಂಡಿನ ಕ್ಲಬ್ಬೊಂದು ತನ್ನ ಲಾಂಛನವನ್ನೋ ತವರು ಅಂಗಿಯ ಬಣ್ಣವನ್ನೋ ಬದಲಿಸಬೇಕೆಂದರೂ ಇನ್ನು ಮುಂದೆ ಅಭಿಮಾನಿಗಳನ್ನು ಕೇಳಬೇಕು.