ಛಾಪಾ ಕಾಗದದ ಮೇಲೆ ಸಹಿ ಹಾಕಿದರೆ ಮದುವೆ ಮುರಿಯುವುದಿಲ್ಲ

'ಇಬ್ಬರೂ ಒಪ್ಪಿದ್ದೀರಲ್ಲ, ಇನ್ನು ಕೋರ್ಟು-ಕಚೇರಿ ಯಾಕೆ? ಒಂದು ಬಾಂಡ್ ಪೇಪರ್ ಮಾಡಿಸಿ ಮುಗಿಸಿಬಿಡಿ.'

ಗಂಡ-ಹೆಂಡತಿ ಬೇರೆಯಾಗುವ ಮಾತು ಬಂದಾಗ ನಮ್ಮ ಊರುಗಳಲ್ಲಿ ಹಿರಿಯರು ಕೊಡುವ ಸಲಹೆ ಇದು. ಒಂದು ಛಾಪಾ ಕಾಗದ, ನಾಲ್ಕು ಸಾಕ್ಷಿ, ನೋಟರಿಯ ಮುದ್ರೆ. ಒಡವೆ ವಾಪಸ್, ಒಂದಿಷ್ಟು ದುಡ್ಡು, 'ಇನ್ನು ಮುಂದೆ ನಮಗೂ ಅವರಿಗೂ ಸಂಬಂಧವಿಲ್ಲ' ಅನ್ನುವ ಒಂದು ಸಾಲು. ಅಲ್ಲಿಗೆ ಡಿವೋರ್ಸ್ ಆಯಿತು ಅಂದುಕೊಂಡು ಎಲ್ಲರೂ ಮನೆಗೆ ಹೋಗುತ್ತಾರೆ.

ಕಾನೂನಿನ ಪ್ರಕಾರ ಅವರಿನ್ನೂ ಗಂಡ-ಹೆಂಡತಿಯೇ. ಇದರ ಪೆಟ್ಟು ಬೀಳುವುದು ವರ್ಷಗಳ ನಂತರ. ಬಹಳಷ್ಟು ಸಲ ಅದು ಬೀಳುವುದು ಹೆಣ್ಣಿನ ಮೇಲೆ.

ನೋಟರಿಗೆ ಆ ಅಧಿಕಾರವಿಲ್ಲ

ಹಿಂದೂ ವಿವಾಹ ಕಾಯ್ದೆ 1955ರ ಪ್ರಕಾರ ಮದುವೆಯನ್ನು ರದ್ದು ಮಾಡುವುದು ಕೋರ್ಟಿನ ಡಿಕ್ರಿ ಮಾತ್ರ. ನೋಟರಿಗಳು ಮದುವೆ ಅಥವಾ ವಿಚ್ಛೇದನದ ಪತ್ರ ಮಾಡಿಕೊಡುವಂತಿಲ್ಲ ಎಂದು ಕೇಂದ್ರ ಕಾನೂನು ಸಚಿವಾಲಯ 2024ರ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಎಚ್ಚರಿಸಿದೆ.

ಒಂದು ವಿನಾಯಿತಿ ಇದೆ. ಸಮುದಾಯದ ರೂಢಿಯಂತೆ ನಡೆಯುವ ವಿಚ್ಛೇದನವನ್ನು ಇದೇ ಕಾಯ್ದೆಯ ಸೆಕ್ಷನ್ 29(2) ಉಳಿಸಿದೆ. ಹಾಗಂತ 'ನಮ್ಮಲ್ಲಿ ಮೊದಲಿಂದಲೂ ಹೀಗೇ' ಅಂದರೆ ಸಾಲದು. ಅಂಥ ರೂಢಿ ಇದೆ ಎಂದು ವಾದದಲ್ಲೇ ಹೇಳಿ, ಸಾಕ್ಷ್ಯ ಕೊಟ್ಟು ಸಾಬೀತು ಮಾಡಬೇಕು ಎಂದು ಕರ್ನಾಟಕದಿಂದಲೇ ಹೋಗಿದ್ದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಸ್ಪಷ್ಟಪಡಿಸಿದೆ. ಪರಿಶಿಷ್ಟ ಪಂಗಡದವರಿಗೆ ಈ ಕಾಯ್ದೆ ನೇರವಾಗಿ ಅನ್ವಯಿಸುವುದಿಲ್ಲ. ಮುಸ್ಲಿಮರು, ಕ್ರೈಸ್ತರು ಮತ್ತು ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಬೇರೆ ಬೇರೆ ಕಾನೂನುಗಳಿವೆ.

ಕಾಗದ ನಂಬಿದವರ ಪಾಡು

ಮೊದಲನೆಯದು ಮರುಮದುವೆ. ಮೊದಲ ಮದುವೆ ಜೀವಂತ ಇರುವಾಗ ಆದ ಎರಡನೇ ಮದುವೆ ಅಸಿಂಧು. ಅಷ್ಟೇ ಅಲ್ಲ, ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 82ರಡಿ 7 ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದಾದ ಅಪರಾಧ. ಏನೂ ಗೊತ್ತಿಲ್ಲದೆ ಮದುವೆಯಾಗಿ ಬಂದ ಎರಡನೇ ಹೆಂಡತಿ, ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಕೇಳಲು ಹೋದಾಗಲೇ ತನ್ನ ಮದುವೆಗೆ ಬೆಲೆಯಿಲ್ಲ ಅನ್ನುವುದನ್ನು ತಿಳಿಯುವುದುಂಟು. ಅವಳ ಮಕ್ಕಳನ್ನು ಕಾನೂನು ಕೈಬಿಡುವುದಿಲ್ಲ, ಅವರು ಸಕ್ರಮ ಸಂತಾನವೇ. ಅವಳಿಗೆ ಮಾತ್ರ ಹೆಂಡತಿಯ ಸ್ಥಾನವಿಲ್ಲ.

ಎರಡನೆಯದು ಜೀವನಾಂಶ. ಮೊದಲು ಸಿಆರ್‌ಪಿಸಿ 125 ಎಂದು ಕರೆಯುತ್ತಿದ್ದ ಜೀವನಾಂಶದ ಹಕ್ಕು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 144ರಲ್ಲಿದೆ. ಗಂಡ-ಹೆಂಡತಿ ಪರಸ್ಪರ ಒಪ್ಪಿ ಬೇರೆ ವಾಸವಿದ್ದರೆ ಹೆಂಡತಿಗೆ ಜೀವನಾಂಶವಿಲ್ಲ ಎಂದು ಆ ಸೆಕ್ಷನ್ನೇ ಹೇಳುತ್ತದೆ. ಬಾಂಡ್ ಪೇಪರಿನಲ್ಲಿ ಇರುವುದೂ ಅದೇ ಅಲ್ಲವೇ: 'ನಾವಿಬ್ಬರೂ ಒಪ್ಪಿ ಬೇರೆಯಾಗಿದ್ದೇವೆ'! ಅವಳು ಹಾಕಿದ ಸಹಿಯೇ ಅವಳ ವಿರುದ್ಧ ಸಾಕ್ಷಿಯಾಗಿ ನಿಲ್ಲಬಹುದು. ಅದೇ ಹೆಣ್ಣುಮಗಳು ಕೋರ್ಟಿನಲ್ಲಿ ಪರಸ್ಪರ ಒಪ್ಪಿಗೆಯ ಡಿಕ್ರಿ ಪಡೆದಿದ್ದರೆ ಈ ಅಡ್ಡಿ ಇರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಮರುಮದುವೆಯಾಗದ ವಿಚ್ಛೇದಿತೆಯೂ ಜೀವನಾಂಶದ ಮಟ್ಟಿಗೆ 'ಹೆಂಡತಿ'ಯೇ.

ಕೋರ್ಟಿನ ದಾರಿ ಅಷ್ಟು ದೂರವೇನಲ್ಲ

'ಕೋರ್ಟಿಗೆ ಹೋದರೆ ಹತ್ತು ವರ್ಷ' ಅನ್ನುವ ಭಯ ಜಗಳದ ಕೇಸುಗಳನ್ನು ನೋಡಿ ಹುಟ್ಟಿದ್ದು. ಇಬ್ಬರೂ ಒಪ್ಪಿದವರಿಗಾಗಿ 1976ರಲ್ಲೇ ಸೆಕ್ಷನ್ 13ಬಿ ಬಂದಿದೆ. ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ಒಂದೇ ಸೂರಿನಡಿ ಇದ್ದೂ ಗಂಡ-ಹೆಂಡತಿಯಾಗಿ ಬಾಳದಿದ್ದರೆ ಅದೂ ಬೇರೆ ಇದ್ದಂತೆಯೇ ಲೆಕ್ಕ. ಇಬ್ಬರೂ ಸೇರಿ ಅರ್ಜಿ ಹಾಕಬೇಕು. 6 ತಿಂಗಳಾದ ಮೇಲೆ, 18 ತಿಂಗಳೊಳಗೆ ಮತ್ತೆ ಬಂದು 'ನಮ್ಮ ನಿರ್ಧಾರ ಬದಲಾಗಿಲ್ಲ' ಅನ್ನಬೇಕು.

ಆ 6 ತಿಂಗಳ ಕಾಯುವಿಕೆಯೂ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಅರ್ಜಿ ಹಾಕುವ ಮೊದಲೇ ಒಂದೂವರೆ ವರ್ಷ ಬೇರೆ ಇದ್ದು, ರಾಜಿ ಪ್ರಯತ್ನ ಸೋತು, ಜೀವನಾಂಶ ಮತ್ತು ಮಕ್ಕಳ ವಿಚಾರ ಪ್ರಾಮಾಣಿಕವಾಗಿ ಇತ್ಯರ್ಥವಾಗಿದ್ದರೆ ಕೋರ್ಟು ಅದನ್ನು ಬಿಟ್ಟುಕೊಡಬಹುದು.

ಸಂಬಂಧ ಸರಿಪಡಿಸಲಾಗದಷ್ಟು ಹಳಸಿದೆ ಅನ್ನುವ ಒಂದೇ ಕಾರಣಕ್ಕೆ ಡಿವೋರ್ಸ್ ಸಿಗುತ್ತದೆ ಎಂದು 2023ರ ಸಂವಿಧಾನ ಪೀಠದ ತೀರ್ಪನ್ನು ಕೆಲವರು ಉಲ್ಲೇಖಿಸುತ್ತಾರೆ. ಅದು 142ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಮಾತ್ರ ಇರುವ ಅಧಿಕಾರ. ಕೌಟುಂಬಿಕ ನ್ಯಾಯಾಲಯದಲ್ಲಿ ಆ ದಾರಿ ಇಲ್ಲ.

ಸಹಿಗೆ ಮುನ್ನ ನೋಡಬೇಕಾದ್ದು

* ದುಡ್ಡು ಯಾವಾಗ? ಡಿಕ್ರಿ ಬರುವ ತನಕ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಹಾಗಾಗಿ ಇಡುಗಂಟಿನ ಒಂದು ಭಾಗ ಅರ್ಜಿ ಹಾಕುವಾಗ, ಉಳಿದದ್ದು ಕೊನೆಯ ಹೇಳಿಕೆಯ ದಿನ ಕೋರ್ಟಿನಲ್ಲೇ ಎಂದು ಬರೆಸುವುದು ಇಬ್ಬರಿಗೂ ಕ್ಷೇಮ.
* ಮಕ್ಕಳು: 'ಮುಂದೆ ಏನೂ ಕೇಳುವುದಿಲ್ಲ' ಎಂದು ತಾಯಿ ಬರೆದುಕೊಟ್ಟರೂ ಮಗುವಿನ ಹಕ್ಕು ಹೋಗುವುದಿಲ್ಲ. ಮಗು ಯಾರ ಬಳಿ ಇರಬೇಕು ಅನ್ನುವುದನ್ನು ಕೋರ್ಟು ಮುಂದೆ ಬದಲಿಸಲೂಬಹುದು.
* ಒಡವೆ: ಹೆಣ್ಣಿಗೆ ಬಂದ ಸ್ತ್ರೀಧನ ಅವಳದೇ. ಅದನ್ನು ಜೀವನಾಂಶದ ಲೆಕ್ಕಕ್ಕೆ ಸೇರಿಸಿ 'ಇಷ್ಟು ಕೊಟ್ಟಿದ್ದೇವೆ' ಅನ್ನುವುದು ಹಳೇ ಚಾಳಿ. ಪಟ್ಟಿ ಬೇರೆ ಇರಲಿ.
* ಮನೆ ಸಾಲ: ಸಾಲ ಜಂಟಿಯಾಗಿದ್ದರೆ ನಿಮ್ಮಿಬ್ಬರ ಒಪ್ಪಂದ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಕಂತು ತಪ್ಪಿದರೆ ಇಬ್ಬರಿಗೂ ನೋಟಿಸ್.
* ಕ್ರಿಮಿನಲ್ ಕೇಸು: ವರದಕ್ಷಿಣೆ ಕಿರುಕುಳದ ಕೇಸು ಇದ್ದರೆ ಡಿವೋರ್ಸ್ ಜೊತೆ ತಾನಾಗೇ ಬಿದ್ದುಹೋಗುವುದಿಲ್ಲ. ರದ್ದತಿಗೆ ಹೈಕೋರ್ಟಿಗೇ ಹೋಗಬೇಕು.

ಖರ್ಚಿನ ಮಾತು

ಲಾಯರ್ ಫೀಸಿಗೆ ಹೆದರಿ ನೋಟರಿ ಬಳಿ ಹೋಗುವವರೇ ಹೆಚ್ಚು. ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿದೆ ಅಂತ ಕೇಳಿದರೆ ಸಾಕು. ಸಹಾಯವಾಣಿ 15100. ಹೆಂಡತಿ ಈಗ ತವರಿನಲ್ಲಿದ್ದರೆ ಅಲ್ಲಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು.

ಹಿರಿಯರ ಪಂಚಾಯ್ತಿ ಬೇಡವೆಂದಲ್ಲ. ಜಗಳ ತಣಿಸಲು, ಮೊತ್ತ ಕುದುರಿಸಲು ಅದು ಬೇಕಾಗುತ್ತದೆ. ಆದರೆ ಅಲ್ಲಿ ಆದ ಮಾತು 13ಬಿ ಅರ್ಜಿಯಾಗಿ ಕೋರ್ಟಿನ ಕಡತ ಸೇರಬೇಕು. ಈಗಾಗಲೇ ಬಾಂಡ್ ಪೇಪರ್ ಮಾಡಿಕೊಂಡು ಬೇರೆ ಇರುವವರಿಗೂ ಆ ಬಾಗಿಲು ತೆರೆದೇ ಇದೆ. ಇಬ್ಬರಲ್ಲಿ ಯಾರಾದರೂ ಇನ್ನೊಂದು ಮದುವೆಗೆ ಹೊರಡುವ ಮುನ್ನ ಆ ಕೆಲಸ ಮುಗಿಯಲಿ.