ಬಡಕಲು ಹಸುವಿನ ಮೇಲಣ ಆರೋಪ

ಭೂಮಿಯ ಹವೆ ಕೆಡುತ್ತಿರುವುದನ್ನು ಕುರಿತು ಮಾತು ಬಂದಾಗಲೆಲ್ಲ ವಿದ್ಯಾವಂತರ ಬಾಯಿಂದಲೂ ತಪ್ಪದೆ ಹೊರಡುವ ಒಂದು ನಂಬಿಕೆಯುಂಟು. ಜಗತ್ತಿನ ಹಸುಗಳಲ್ಲೆಲ್ಲ ವಾಯುಮಂಡಲಕ್ಕೆ ಅತ್ಯಂತ ಕೇಡು ಮಾಡುತ್ತಿರುವುದು ಆಫ್ರಿಕಾದ ಬಡ ರೈತನ ಬಡಕಲು ಹಸು. ಅದು ಕೊಡುವ ಹಾಲು ಅತ್ಯಲ್ಪ, ಬಿಡುವ ಮೀಥೇನ್ ಅಪಾರ. ಆದುದರಿಂದ ಅಂಥ ಹಸುಗಳನ್ನು ಕಡಮೆ ಮಾಡಿ ಹಾಲನ್ನು ಬೇರೆಡೆಯಿಂದ ತರಿಸಿಕೊಳ್ಳುವುದೇ ಲೋಕಹಿತವೆಂಬುದು ಆ ನಂಬಿಕೆಯ ಸಾರ. ಹೀಗೆ ನುಡಿಯುವವರ ಕೈಯಲ್ಲಿ ಒಂದು ನಿಜವಾದ ಅಂಕೆಯೇ ಇದೆ. ಸುಳ್ಳು ಅಂಕೆಯಾಗಿದ್ದರೆ ಅದನ್ನು ಅಲ್ಲಗಳೆದು ಸುಮ್ಮನಿರಬಹುದಾಗಿತ್ತು; ಸತ್ಯವಾದ ಅಂಕೆಯೊಂದರಿಂದ ಅಸತ್ಯವಾದ ತೀರ್ಮಾನವನ್ನು ಹೊರಡಿಸಿ, ಅದನ್ನು ವಿಜ್ಞಾನವೆಂದು ಸಾರುವುದನ್ನು ಕಂಡಾಗ ತಾಳ್ಮೆ ಉಳಿಯುವುದು ಕಷ್ಟ.

ಆ ಅಂಕೆ ಯಾವುದೆಂದರೆ: ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2010ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಂದು ಕಿಲೋ ಹಾಲಿನ ಹಿಂದೆ ಇಂಗಾಲದ ಡೈಆಕ್ಸೈಡಿನ ಲೆಕ್ಕದಲ್ಲಿ ಹೊರಬೀಳುವ ಅನಿಲ ಲೋಕದ ಸರಾಸರಿಯಲ್ಲಿ 2.4 ಕಿಲೋ, ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ 7.5 ಕಿಲೋ, ಅತ್ಯಂತ ಕಡಮೆಯಿರುವ ಪ್ರದೇಶದಲ್ಲಿ 1.3 ಕಿಲೋ. ಇದನ್ನು ಓದಿದವನು ಆಫ್ರಿಕಾದ ಹಸು ಅಮೆರಿಕದ ಹಸುವಿಗಿಂತ ಹಲವು ಪಟ್ಟು ಹೆಚ್ಚು ಅನಿಲ ಬಿಡುತ್ತದೆಂದು ಬಗೆಯುವುದು ಸಹಜ. ಆದರೆ ನಿಜ ಇದಕ್ಕೆ ತದ್ವಿರುದ್ಧವಾಗಿದೆ. ವರ್ಷಕ್ಕೊಂದು ಹಸು ತೇಗಿ ಹೊರಹಾಕುವ ಮೀಥೇನನ್ನು ಎಣಿಸಲು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ 2006ರಲ್ಲಿ ಕೊಟ್ಟ ಕೋಷ್ಟಕದಲ್ಲಿ ಆಫ್ರಿಕಾದ ಹಾಲಿನ ಹಸುವಿನ ಪಾಲು ಉತ್ತರ ಅಮೆರಿಕದ ಹಸುವಿನ ಪಾಲಿನ ಸುಮಾರು ಮೂರರಲ್ಲೊಂದರಷ್ಟು ಮಾತ್ರವಾಗಿತ್ತು. 7.5 ಎಂಬುದು ಭಾಗಾಕಾರದ ಫಲ. ಅಲ್ಲಿ ಭಾಜ್ಯ ದೊಡ್ಡದಾದುದರಿಂದ ಫಲ ದೊಡ್ಡದಾಗಲಿಲ್ಲ, ಭಾಜಕವಾದ ಹಾಲು ಚಿಕ್ಕದಾದುದರಿಂದ ದೊಡ್ಡದಾಯಿತು.

ಇನ್ನು, ಆ ಅನಿಲವನ್ನೆಲ್ಲ ಹಾಲೊಂದರಿಂದಲೇ ಭಾಗಿಸುವುದು ಎಷ್ಟರಮಟ್ಟಿಗೆ ನ್ಯಾಯ? ಮನೆಯ ವರ್ಷದ ಖರ್ಚನ್ನೆಲ್ಲ ದೀಪದೆಣ್ಣೆಯ ಬಾಬಿಗೆ ಬರೆದು, ಈ ಮನೆಯಲ್ಲಿ ಬೆಳಕು ಬಹಳ ದುಬಾರಿಯೆಂದು ದೂರಿದ ಹಾಗಾಯಿತು ಆ ಲೆಕ್ಕ. ಇಥಿಯೋಪಿಯದ ಎತ್ತರದ ನಾಡಿನಲ್ಲಿ ಟೆಫ್ ಧಾನ್ಯ ಬಿತ್ತುವ ಹೊಲವನ್ನು ಉಳುವುದು ಎತ್ತು, ಆ ಎತ್ತನ್ನು ಹೆರುವುದು ಹಸು. ಒಲೆಗೆ ಉರುವಲಾಗುವುದು ಅದರ ಸಗಣಿ. ಪಶ್ಚಿಮ ಕೆನ್ಯಾದ ಜೋಳದ ಹೊಲಕ್ಕೆ ಕೊಟ್ಟಿಗೆಯ ಗೊಬ್ಬರ ಬೇಕು. ಮಗುವಿನ ಶಾಲೆಯ ಶುಲ್ಕಕ್ಕೆ, ಆಸ್ಪತ್ರೆಯ ಖರ್ಚಿಗೆ, ಮದುವೆಯ ತೆರಕ್ಕೆ, ಬೆಳೆ ಕೈಕೊಟ್ಟ ವರ್ಷದ ಅನ್ನಕ್ಕೆ ಹಿಂಡಿನಿಂದ ಒಂದು ದನವನ್ನು ಹೊಡೆದುಕೊಂಡು ಸಂತೆಗೆ ಹೋಗುವುದುಂಟು. ಬ್ಯಾಂಕೂ ಇಲ್ಲದ, ವಿಮೆಯೂ ಇಲ್ಲದ ಊರಿನಲ್ಲಿ ಅವೆರಡರ ಕೆಲಸವನ್ನೂ ಮಾಡುವುದು ಹಿಂಡೇ. ಕೆನ್ಯಾದ ನಾಂದಿ ಪ್ರಾಂತದ ಕಾಪ್ಟುಮೊ ಎಂಬಲ್ಲಿ ಸಂಶೋಧಕರು ಈ ಉಪಯೋಗಗಳನ್ನೆಲ್ಲ ಲೆಕ್ಕಕ್ಕೆ ಸೇರಿಸಿ, ಅನಿಲದ ಹೊಣೆಯನ್ನು ಎಲ್ಲಕ್ಕೂ ಹಂಚಿ ನೋಡಿದಾಗ, ಹಾಲು ಮಾಂಸಗಳನ್ನಷ್ಟೇ ಎಣಿಸಿದಾಗ ಬಂದಿದ್ದ ಫಲ ಹೆಚ್ಚುಕಡಮೆ ಅರ್ಧಕ್ಕಿಳಿಯಿತು. ಹಸು ಅದೇ, ಮೇವು ಅದೇ, ತೇಗೂ ಅದೇ. ಬದಲಾದುದು ನೋಡುವವರ ಪ್ರಾಮಾಣಿಕತೆ ಮಾತ್ರ.

ಆದರೂ ಹಾಲು ಕಡಮೆಯೆಂಬ ಮಾತು ಸತ್ಯವೇ. ಅದನ್ನು ಮರೆಮಾಚುವುದು ನನ್ನ ಉದ್ದೇಶವಲ್ಲ. ಏಕೆ ಕಡಮೆಯೆಂದು ಕೇಳಬೇಕು, ಆ ಪ್ರಶ್ನೆಯನ್ನು ಕೇಳುವವರೇ ವಿರಳ. ಬೇಸಗೆ ಬಂದಿತೆಂದರೆ ಹುಲ್ಲುಗಾವಲು ಒಣಗುತ್ತದೆ; ಮಳೆಗಾಲದಲ್ಲಿ ತುಂಬಿಕೊಂಡ ಮೈ ತಿಂಗಳುಗಟ್ಟಲೆ ಕರಗುತ್ತದೆ; ಹಸಿದ ಹಸು ಹೊತ್ತಿಗೆ ಸರಿಯಾಗಿ ಗಬ್ಬವಾಗದೆ, ಎರಡು ಕರುಗಳ ನಡುವೆ ವರ್ಷಗಳು ಕಳೆದುಹೋಗುತ್ತವೆ; ಹುಟ್ಟಿದ ಕರುಗಳಲ್ಲಿ ಹಲವು ಉಣ್ಣೆಹುಳು ಹರಡುವ ಪೂರ್ವತೀರದ ಜ್ವರಕ್ಕೆ ಬಲಿಯಾಗುತ್ತವೆ. ನೈರೋಬಿಯಲ್ಲಿರುವ ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆಯ ಮಜಿಂಗಿರಾ ಕೇಂದ್ರದಲ್ಲಿ ಬೋರಾನ್ ತಳಿಯ ದನಗಳಿಗೆ ಮೈ ಉಳಿಸಿಕೊಳ್ಳುವುದಕ್ಕೂ ಸಾಲದಷ್ಟು ಮೇವನ್ನು ಕೊಟ್ಟು ಪರೀಕ್ಷಿಸಿದಾಗ, ತಿಂದ ಪ್ರತಿಯೊಂದು ಕಿಲೋ ಮೇವಿಗೂ ಅವು ಬಿಟ್ಟ ಮೀಥೇನ್ ಹೆಚ್ಚಾದುದು ಕಂಡುಬಂದಿತು. ಹಾಗಾದರೆ ಅಂಕೆಯನ್ನು ಏರಿಸುತ್ತಿರುವುದು ಹಸುವಿನ ಜಾತಿಯಲ್ಲ, ಅದರ ಹಸಿವು.

ಆ ಹಸಿವು ಎಲ್ಲಿಂದ ಬರುತ್ತಿದೆ? 2020ರ ಕೊನೆಯಿಂದ 2023ರ ಆರಂಭದವರೆಗೆ ಆಫ್ರಿಕಾದ ಕೊಂಬೆಂದು ಕರೆಯುವ ಸೊಮಾಲಿಯ, ದಕ್ಷಿಣ ಇಥಿಯೋಪಿಯ ಮತ್ತು ಉತ್ತರ ಕೆನ್ಯಾಗಳಲ್ಲಿ ಮಳೆಗಾಲ ಒಂದಾದ ಮೇಲೊಂದರಂತೆ ಐದು ಬಾರಿ ತಪ್ಪಿಹೋಗಿ, ಕೆನ್ಯಾವೊಂದರಲ್ಲೇ 20 ಲಕ್ಷಕ್ಕೂ ಮೀರಿ ಜಾನುವಾರುಗಳು ಸತ್ತವು. ಮಾನವನು ಹವೆಯನ್ನು ಬಿಸಿಮಾಡಿರದಿದ್ದರೆ ಇಷ್ಟು ತೀವ್ರವಾದ ಬರ ಸಂಭವಿಸುವುದು ಕಡಮೆಯೆಂದರೂ 100 ಪಟ್ಟು ವಿರಳವಾಗಿರುತ್ತಿತ್ತೆಂದು ಹವಾಮಾನ ವಿಜ್ಞಾನಿಗಳ ತಂಡವೊಂದು 2023ರಲ್ಲಿ ನಿರ್ಣಯಿಸಿತು. ಬಿಸಿ ಮಾಡಿದವರಾರು? ಅಮೆರಿಕದ ಒಬ್ಬ ಪ್ರಜೆಯ ಪಾಲಿಗೆ ವರ್ಷಕ್ಕೆ ಬರುವ ಇಂಗಾಲದ ಡೈಆಕ್ಸೈಡು ಸುಮಾರು 14 ಟನ್; ಕೆನ್ಯಾದವನ ಪಾಲಿಗೆ ಅರ್ಧ ಟನ್ನೂ ಇಲ್ಲ. ಅನ್ಯರು ಹಚ್ಚಿದ ಬೆಂಕಿಯಿಂದ ಮೇವು ಒಣಗಿ, ಮೇವಿಲ್ಲದೆ ಹಾಲು ಬತ್ತಿ, ಹಾಲು ಬತ್ತಿದುದರಿಂದ ಅಂಕೆ ಏರಿ, ಕೊನೆಗೆ ಆ ಅಂಕೆಯನ್ನೇ ಸಾಕ್ಷಿಯಾಗಿ ಹಿಡಿದು ಹಸುವನ್ನೂ ಅದರ ಒಡೆಯನನ್ನೂ ಅಪರಾಧಿಗಳೆನ್ನುವುದು ನ್ಯಾಯವೂ ಅಲ್ಲ, ವಿಜ್ಞಾನವೂ ಅಲ್ಲ.

ಉಳಿದ ನಂಬಿಕೆಗಳಿಗೆ ಇಷ್ಟು ವಿಸ್ತಾರ ಬೇಕಿಲ್ಲ. ಮೀಥೇನ್ ಹೊರಡುವುದು ಹಸುವಿನ ಹಿಂಭಾಗದಿಂದಲ್ಲ, ಬಹುಪಾಲು ಬಾಯಿಂದ. ಸಗಣಿ ಗಂಜಲಗಳ ವಿಷಯದಲ್ಲಿ ಅನ್ಯದೇಶಗಳ ಅಳತೆಯನ್ನೇ ಆಫ್ರಿಕಾಕ್ಕೂ ಅನ್ವಯಿಸುತ್ತಿದ್ದರು. ಕೆನ್ಯಾದಲ್ಲಿ ನೆಲದ ಮೇಲೆಯೇ ಅಳೆದು ನೋಡಿದಾಗ ಅವುಗಳಿಂದೇಳುವ ನೈಟ್ರಸ್ ಆಕ್ಸೈಡು ಎಣಿಸಿದುದಕ್ಕಿಂತ ಕಡಮೆಯೆಂದು ತಿಳಿಯಿತು. ಹೋಲ್‌ಸ್ಟೀನ್ ತಳಿಯನ್ನು ತಂದು ಕಟ್ಟಿದರೆ ಎಲ್ಲವೂ ಸರಿಹೋದೀತೆನ್ನುವವರು, ತಂಪಾದ ಬೆಟ್ಟದ ನಾಡಿನಲ್ಲಿ ಹಾಲು ಕರೆಯುವ ಆ ಹಸು ಸೆಕೆಯ ಬಯಲಿನಲ್ಲಿ ಮೇವು ಬಿಟ್ಟು ಏದುಸಿರುಬಿಡುತ್ತದೆಂಬುದನ್ನು ಅರಿಯರು. ದನಗಾಹಿಗಳ ಹಿಂಡುಗಳೇ ಸಹಾರಾದ ದಕ್ಷಿಣದಂಚಿನ ಸಹೇಲ್ ಪ್ರದೇಶವನ್ನು ಮರುಭೂಮಿ ಮಾಡಿದುವೆಂಬ ಮಾತಿಗೆ 1975ರಲ್ಲಿ ಜೂಲ್ ಚಾರ್ನಿ ಎಂಬ ಹವಾವಿಜ್ಞಾನಿ ಒಂದು ಊಹೆಯ ಆಧಾರ ಒದಗಿಸಿದ್ದುಂಟು: ಹುಲ್ಲು ಮೇದು ಬೋಳಾದ ನೆಲ ಬಿಸಿಲನ್ನು ಹಿಂದಕ್ಕೆಸೆದು ಮಳೆಯನ್ನು ಕುಗ್ಗಿಸುತ್ತದೆಂದು. ಆದರೆ ಆ ಕಾಲದಲ್ಲಿ ಸಹೇಲನ್ನು ಕಾಡಿದ ದೀರ್ಘ ಬರಕ್ಕೆ ಪ್ರಧಾನ ಕಾರಣ ಸಮುದ್ರದ ಮೇಲ್ಮೈಯ ಉಷ್ಣತೆಯಲ್ಲಾದ ಬದಲಾವಣೆಯೆಂದು 2003ರ ಸಂಶೋಧನೆ ತೋರಿಸಿತು. ಮಳೆ ಮರಳಿದಾಗ ಸಹೇಲಿನ ಬಹುಭಾಗ ಮತ್ತೆ ಹಸುರಾಯಿತು. ವಿಜ್ಞಾನ ತನ್ನ ಊಹೆಯನ್ನು ತಿದ್ದಿಕೊಂಡಿತು. ಜನರ ಬಾಯಲ್ಲಿ ಹಳೆಯ ಅಪವಾದವೇ ಉಳಿದುಕೊಂಡಿತು.

ಪರಿಹಾರವಿದೆ, ಮತ್ತು ಅದು ಹಸುವನ್ನು ಕಳೆಯುವುದರಲ್ಲಿಲ್ಲ. ನೇಪಿಯರ್ ಹುಲ್ಲನ್ನೂ ದ್ವಿದಳ ಜಾತಿಯ ಡೆಸ್ಮೋಡಿಯಮ್ ಮೇವನ್ನೂ ಹೊಲದಂಚಿನಲ್ಲಿ ಬೆಳೆಯುವುದು, ಬೇಸಗೆಗೆಂದು ಮೇವನ್ನು ಕೂಡಿಡುವುದು, ಉಣ್ಣೆಹುಳುವನ್ನೂ ಅದು ಹರಡುವ ಜ್ವರವನ್ನೂ ತಡೆಯುವುದು, ನಾಡಿಗೆ ಒಗ್ಗಿದ ತಳಿಗಳನ್ನೇ ಉತ್ತಮಪಡಿಸುವುದು – ಇವೇ ದಾರಿಗಳು. ಅವಿಭಕ್ತ ಪಂಜಾಬಿನ ಸಾಹಿವಾಲ್ ತಳಿಯನ್ನು 1930ರ ದಶಕದಲ್ಲಿ ಕೆನ್ಯಾಕ್ಕೆ ಒಯ್ದು, ಮುಂದೆ ನೈವಾಶಾದಲ್ಲಿ ಸಂವರ್ಧಿಸಿ, ಮಾಸಾಯಿ ದನಗಾಹಿಗಳ ಹಿಂಡಿನಲ್ಲಿ ಬೆರೆಸಿದುದು ಬಿಸಿಲಿಗೆ ಅಂಜದ ತಳಿಯಿಂದ ಏನಾಗಬಹುದೆಂಬುದಕ್ಕೆ ನಿದರ್ಶನ. ಉಪಗ್ರಹದ ಕಣ್ಣಿಗೆ ಹುಲ್ಲಿನ ಹಸುರು ಕುಗ್ಗಿದುದು ಕಂಡೊಡನೆ ದನಗಾಹಿಗೆ ಪರಿಹಾರ ಸಲ್ಲುವ ವಿಮಾಯೋಜನೆಯೊಂದು 2010ರಲ್ಲಿ ಕೆನ್ಯಾದ ಮಾರ್ಸಬಿಟ್ಟಿನಲ್ಲಿ ಆರಂಭವಾಯಿತು. ಇವುಗಳಿಂದ ಕಿಲೋ ಹಾಲಿನ ಮೇಲಣ ಅನಿಲದ ಭಾರ ಇಳಿಯುತ್ತದೆ. ಒಟ್ಟು ಅನಿಲವೂ ಇಳಿಯಬೇಕಾದರೆ, ಕಡಮೆ ದನಗಳಿಂದಲೇ ಬದುಕು ಸಾಗುವುದೆಂಬ ಭರವಸೆ ರೈತನಿಗೆ ಮೊದಲು ಹುಟ್ಟಬೇಕು.

ನನ್ನ ಖೇದ ಹಸುವಿಗಷ್ಟೇ ಸೀಮಿತವಾಗಿಲ್ಲ. ಅಂಕೆಯೊಂದು ಅಚ್ಚಾಗಿ ಬಂದರೆ ಅದರ ಮುಂದೆ ಬುದ್ಧಿಯನ್ನು ಕೆಳಗಿಡುವ ಅಭ್ಯಾಸ ನಮ್ಮ ಕಾಲದ ವಿದ್ಯಾವಂತರಲ್ಲಿ ಬೇರೂರಿದೆ. ಹಿಂದಿನವರು ಶಕುನವನ್ನು ನಂಬಿದರೆಂದು ನಗುವವರು, ಯಾವುದನ್ನು ಯಾವುದರಿಂದ ಭಾಗಿಸಿ, ಯಾವುದನ್ನು ಲೆಕ್ಕದ ಹೊರಗಿಟ್ಟು ಈ ಅಂಕೆಯನ್ನು ಪಡೆದರೆಂದು ಒಮ್ಮೆಯೂ ವಿಚಾರಿಸದೆ ಅದನ್ನು ನಂಬುತ್ತಾರೆ. ಅದರಲ್ಲಿಯೂ ಆ ಅಂಕೆ ದೋಷವನ್ನು ದೂರದ ಬಡವನ ಮೇಲೆ ಹೊರಿಸಿ ತಮ್ಮನ್ನು ಬಿಡುಗಡೆ ಮಾಡುವಂತಿದ್ದರೆ, ನಂಬಿಕೆ ಇನ್ನೂ ದೃಢವಾಗುತ್ತದೆ. ನಮಗೆ ಅನುಕೂಲವಾದ ಅಂಕೆಯನ್ನೇ ಎಲ್ಲಕ್ಕಿಂತ ಹೆಚ್ಚು ಶಂಕಿಸಿ ಪರೀಕ್ಷಿಸುವ ಶೀಲ ಬರುವವರೆಗೆ, ನಾವು ಕಲಿತ ಗಣಿತ ನಮ್ಮ ಪಕ್ಷಪಾತಕ್ಕೆ ಊಳಿಗ ಮಾಡಿಕೊಂಡೇ ಇರುತ್ತದೆ.